ಶನಿವಾರದ ಸಿನಿಮಾ: ‘ವಿಪ್ ಇಟ್’

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ ಕ್ಲಬ್‌ಹೌಸ್ ಹಾಲ್‌ನಲ್ಲಿ ಡ್ರೂ ಬ್ಯಾರಿಮೋರ್ ನಿರ್ದೇಶನದ ಮೊದಲ ಚಿತ್ರ ‘ವಿಪ್ ಇಟ್’ (2009). ಟೆಕ್ಸಸ್‌ನ ಸಣ್ಣೂರಿನ ಹುಡುಗಿ ಮನೆಯವರ ಕಣ್ತಪ್ಪಿಸಿ ಆಸ್ಟಿನ್‌ನಲ್ಲಿ ರೋಲರ್ ಡರ್ಬಿ (ಚಕ್ರದ ಸ್ಕೇಟ್ ಹಾಕ್ಕೊಂಡು ಎರಡು ತಂಡ ಟ್ರ್ಯಾಕ್ ಸುತ್ತೋ ಆಟ) ಆಡೋ ಕತೆ. 1 ಗಂಟೆ 51 ನಿಮಿಷ.

ಆಟ ಗೊತ್ತಿಲ್ಲದಿದ್ರೆ ಬರೀ ನೂಕಾಟ ಅನ್ಸುತ್ತೆ. ಹೆಲ್ಮೆಟ್ ಮೇಲೆ ನಕ್ಷತ್ರ ಇರೋಳು ಜ್ಯಾಮರ್, ಅಂದ್ರೆ ತಂಡಕ್ಕೆ ಅಂಕ ತರೋಳು, ಅವಳನ್ನೇ ನೋಡ್ತಿರಿ. ಅವಳು ಮೊದಲ ಸಲ ಉಳಿದ ಆಟಗಾರ್ತಿಯರ ಗುಂಪು ದಾಟಿದ್ದಕ್ಕೆ ಅಂಕ ಇಲ್ಲ. ಆಮೇಲೆ ಹಿಂದೆ ಹಾಕಿದ ಒಬ್ಬೊಬ್ಬ ಎದುರಾಳಿಗೂ 1 ಅಂಕ. ಜೊತೆಯವಳು ಕೈ ಹಿಡಿದು ಅವಳನ್ನ ಮುಂದಕ್ಕೆ ಬೀಸೋದೇ ‘ವಿಪ್’.

ಪ್ರೊಜೆಕ್ಟರ್ ಸ್ಪೀಕರ್ ಸಾಲಲ್ಲ. ಯಾರಾದ್ರೂ ಸ್ಪೀಕರ್ ಜೊತೆ ಆಡಿಯೋ ಕೇಬಲ್ಲೂ ತನ್ನಿ. ಬ್ಲೂಟೂತ್ ಬೇಡ, ತುಟಿಗೂ ಮಾತಿಗೂ ತಾಳೆ ಆಗಲ್ಲ. 13ರೊಳಗಿನ ಮಕ್ಕಳನ್ನ ಕರ್ಕೊಂಡು ಬರೋದು ನಿಮಗೆ ಬಿಟ್ಟಿದ್ದು.

ಎಷ್ಟು ಜನ ಬರ್ತೀರಿ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಬರೀ 👍 ಹಾಕಿದ್ರೆ ಲೆಕ್ಕ ಸಿಗಲ್ಲ.