ಹಂಪಿ ಬಜಾರಿನಿಂದ ಒಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಹಂಪಿಗೆ ಹೋಗಿದ್ದೆ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಒಂದು ಮಂಟಪದೊಳಗೆ ಕೂತು ಒಗ್ಗರಣೆ, ಮಿರ್ಚಿ ತಿಂದಿದ್ದೆವಲ್ಲ, ಆ ಹೋಟೆಲಿನ ಜಾಗ ಹುಡುಕಿದೆ. ಗುರುತೇ ಸಿಗಲಿಲ್ಲ. ವಿರೂಪಾಕ್ಷನ ಗುಡಿಯ ಮುಂದಿನಿಂದ ಎದುರು ಬಸವಣ್ಣ ಅನ್ನುವ ದೊಡ್ಡ ನಂದಿಯವರೆಗೂ ಬರೀ ಕಲ್ಲುಕಂಬಗಳ ಸಾಲು.

ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ ಮೇಷ್ಟ್ರು ಹೇಳುತ್ತಿದ್ದರು, ನೆನಪಿದೆಯಾ? ಸೇರಿನ ಮಾತು ಹೇಗೋ ಇರಲಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಈ ಊರಿನ ಬೀದಿಯಲ್ಲಿ ವಜ್ರ, ಮಾಣಿಕ್ಯ, ಮುತ್ತು ಮಾರುವುದನ್ನು ಕಂಡು ಬರೆದಿದ್ದಾನೆ. 1565ರ ಯುದ್ಧದಲ್ಲಿ ವಿಜಯನಗರದವರು ಸೋತ ಮೇಲೆ ಅವರ ಈ ರಾಜಧಾನಿ ಹಾಳಾಯಿತು. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ಇವತ್ತಿಗೂ ಪೂಜೆ ನಡೆಯುತ್ತಿದೆ.

ಗುಡಿ ಇದ್ದಲ್ಲಿ ಜನ ಬರುತ್ತಾರೆ. ಜನ ಬಂದಲ್ಲಿ ಹೂವು, ಕಾಯಿ, ಚಹಾದ ಅಂಗಡಿ ಏಳುತ್ತವೆ. ಹಾಗೆ ಬಜಾರಿನ ಹಳೇ ಮಂಟಪಗಳಿಗೆ ಸಂಸಾರಗಳು ಸೇರಿಕೊಂಡವು. 1986ರಲ್ಲಿ ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಬಂತು. 2011ರ ಜುಲೈನಲ್ಲಿ ಬಜಾರಿನ ಆ ಮನೆ, ಅಂಗಡಿಗಳನ್ನು ಕೆಡವಲು ಜೆಸಿಬಿಗಳು ಬಂದವು. ಎಷ್ಟೋ ಮನೆಯವರು ಕಡ್ಡಿರಾಂಪುರದ ಕಡೆ ಹೋಗಬೇಕಾಯಿತು.

ಅವರದ್ದೂ ತಪ್ಪಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದರು, ಕಲ್ಲಿಗೆ ಬಣ್ಣ ಬಳಿದಿದ್ದರು. ಅದನ್ನು ತೆಗೆಯಲೇಬೇಕಿತ್ತು. ಆದರೆ ಬಜಾರು ಕಟ್ಟಿದ್ದೇ ವ್ಯಾಪಾರಕ್ಕೆ ಅಲ್ವಾ? ಗೋಡೆ ಕೆಡವಿ, ಒಂದು ನಿಯಮ ಮಾಡಿ, ನಾಲ್ಕು ಜನ ಹೂವಿನವರನ್ನಾದರೂ ಅಲ್ಲೇ ಉಳಿಸಬಹುದಿತ್ತು.

ಹೊಳೆ ದಾಟಿ ಆನೆಗುಂದಿಗೂ ಹೋದೆ. (ಹರಿಗೋಲಿನಲ್ಲಿ ನೀನು ಕಿರುಚಿದ್ದನ್ನು ನಾನಿನ್ನೂ ಮರೆತಿಲ್ಲ!) ಅಲ್ಲೊಂದು ಸೇತುವೆ ಕಟ್ಟಲು ಹೋಗಿಯೇ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿದ್ದು. 2006ರಲ್ಲಿ ಅದರಿಂದ ಪಾರಾಯಿತು. ಕೊನೆಗೆ 2009ರಲ್ಲಿ ಆ ಸೇತುವೆಯೇ ಕುಸಿದು ಕೂಲಿಯವರು ಸತ್ತರು.

ಆನೆಗುಂದಿ ಹಂಪಿಗಿಂತ ಹಳೇ ಊರು. ಆದರೆ ಅಲ್ಲಿ ಜನ ಇದ್ದಾರೆ. ಕೋಟೆ ಬಾಗಿಲಲ್ಲೇ ದನ ಓಡಾಡುತ್ತವೆ, ಗಗನ ಮಹಲಿನ ಹತ್ತಿರವೇ ಮುದುಕರು ಹರಟುತ್ತಾರೆ. ಕಿಷ್ಕಿಂದಾ ಟ್ರಸ್ಟಿನವರ ಜೊತೆ ಹೆಂಗಸರು ಬಾಳೆನಾರಿನಲ್ಲಿ ಚೀಲ, ಬುಟ್ಟಿ ಹೆಣೆಯುತ್ತಾರೆ. ಕೆಲವು ಹಳೇ ಮನೆಗಳನ್ನು ರಿಪೇರಿ ಮಾಡಿ ಬಂದವರಿಗೆ ಉಳಿಯಲು ಕೊಡುತ್ತಾರೆ. ನಾನೂ ಒಂದು ರಾತ್ರಿ ಉಳಿದೆ. ಸೊಳ್ಳೆ ಜಾಸ್ತಿ, ಆದರೂ ನಿದ್ದೆ ಚೆನ್ನಾಗಿ ಬಂತು.

ಚೈತ್ರದಲ್ಲಿ ವಿರೂಪಾಕ್ಷನ ತೇರು. ಆ ದಿನ ಬಜಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಜೆ ಹಾಕಿ ಬಾ. ಈ ಸಲ ಮಿರ್ಚಿ ಎಲ್ಲಿ ಸಿಗುತ್ತೋ ಅಲ್ಲೇ ತಿನ್ನೋಣ.

ಇಂತಿ,
ನಿನ್ನ ಗೆಳೆಯ