ಒಲೆಯ ನೀರಿನ ಟ್ಯಾಂಕಿಗೆ ಬಿರಡೆ ಬೇಡ

ಮಾನ್ಯ ಸಂಪಾದಕರೇ,

ಅಡುಗೆಯ ಬೆಂಕಿಯಲ್ಲೇ ಸ್ನಾನದ ನೀರೂ ಕಾಯಲೆಂದು ಸೌದೆ ಒಲೆಗೆ ತಾಮ್ರದ ಕೊಳವೆಯ ಸುರುಳಿ ಕೂರಿಸಿ, ಅದಕ್ಕೆ ನೀರಿನ ಟ್ಯಾಂಕ್ ಜೋಡಿಸಿಕೊಳ್ಳುವವರಿದ್ದಾರೆ. ಒಳ್ಳೆಯದೇ. ಆದರೆ ನೀರು ಸೋರದಿರಲೆಂದು ಕೆಲವರು ಟ್ಯಾಂಕನ್ನು ಬಿಗಿಯಾಗಿ ಮುಚ್ಚಿ, ಸುರುಳಿಯ ಎರಡೂ ತುದಿಗೆ ವಾಲ್ವ್ ಹಾಕಿಸುತ್ತಾರೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೋಗಲು ದಾರಿಯಿಲ್ಲದಿದ್ದರೆ ಒಲೆಯೇ ಸಿಡಿಯುತ್ತದೆ. ಸುರುಳಿಗೂ ಟ್ಯಾಂಕಿಗೂ ನಡುವೆ ವಾಲ್ವ್ ಕೂಡದು. ಟ್ಯಾಂಕಿನ ನೆತ್ತಿಯಿಂದ ಬಾಯಿ ತೆರೆದ ಕೊಳವೆಯೊಂದು ಮೇಲಕ್ಕೆ ಹೋಗಿರಲೇಬೇಕು.

ಸುರುಳಿಯನ್ನು ಉರಿಯೊಳಗೆ ಇಡಬೇಡಿ. ತಣ್ಣನೆಯ ಲೋಹ ತಾಗಿ ಜ್ವಾಲೆ ಕುಗ್ಗುತ್ತದೆ, ಮಸಿ ಕಟ್ಟುತ್ತದೆ, ಅನ್ನವೂ ತಡ. ಪಾತ್ರೆಗಳನ್ನು ದಾಟಿದ ಬಿಸಿಹೊಗೆ ಚಿಮಣಿ ಸೇರುವಲ್ಲಿ 10 ಇಂಚು ಚೌಕದ ಇಟ್ಟಿಗೆ ಗೂಡು ಕಟ್ಟಿ, ಅದರೊಳಗೆ ಕೂರಿಸಿ. ಮುಕ್ಕಾಲು ಇಂಚಿನ ಮೆದು ತಾಮ್ರದ ಕೊಳವೆ 12 ಅಡಿ ಸಾಕು. ಒಳಗೆ ಒಣ ಮರಳು ತುಂಬಿ ಬಗ್ಗಿಸಿದರೆ ಚಪ್ಪಟೆಯಾಗದು. 8 ಇಂಚು ಅಗಲದ ಐದು ಸುತ್ತು, ಸುತ್ತುಗಳ ನಡುವೆ ಬೆರಳಗಲ ಜಾಗ. ಮಸಿ ಕೆರೆಯಲು ಗೂಡಿಗೊಂದು ಬಾಗಿಲಿರಲಿ, ಇಲ್ಲದಿದ್ದರೆ ಹೊಗೆಯೆಲ್ಲ ಅಡುಗೆಮನೆಗೇ.

50 ಲೀಟರ್ ಟ್ಯಾಂಕ್ ಸುರುಳಿಗಿಂತ ಕನಿಷ್ಠ ಒಂದಡಿ ಮೇಲಿರಲಿ. ಟ್ಯಾಂಕಿನ ತಳದಿಂದ ತಣ್ಣೀರು ಸುರುಳಿಯ ಕೆಳತುದಿಗೆ, ಮೇಲ್ತುದಿಯಿಂದ ಬಿಸಿನೀರು ಟ್ಯಾಂಕಿನ ಮೇಲ್ಭಾಗಕ್ಕೆ. ಬಿಸಿನೀರಿನ ಕೊಳವೆ ಉದ್ದಕ್ಕೂ ಏರುತ್ತಲೇ ಹೋಗಬೇಕು. ಎಲ್ಲಾದರೂ ಏರಿ ಇಳಿದರೆ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಗಡಗಡ ಸದ್ದು ಬಂದರೆ ಅದೇ ಕಾರಣವಿರಬಹುದು. ಬಿಸಿನೀರು ಬಂದು ಬೀಳುವ ಬಾಯಿಗಿಂತ ನಲ್ಲಿ ಮೇಲಿರಲಿ, ಬಾಲ್‌ಕಾಕ್ (ನೀರು ತುಂಬಿದಾಗ ತಾನೇ ಮುಚ್ಚುವ ತೇಲುಗುಂಡಿನ ವಾಲ್ವ್) ಇರುವ ಪುಟ್ಟ ತೊಟ್ಟಿಯಿಂದ ಟ್ಯಾಂಕಿನ ತಳಕ್ಕೆ ತಣ್ಣೀರು ಬರಲಿ. ಆಗ ಯಾರು ಎಷ್ಟು ಹಿಡಿದುಕೊಂಡರೂ ಸುರುಳಿ ಒಣಗದು. ಒಲೆಯ ಹತ್ತಿರ ಪಿವಿಸಿ ಬೇಡ. ತಾಮ್ರಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ನೇರ ಜೋಡಿಸಿದರೆ ಜಿಐ ಬೇಗ ತುಕ್ಕು ಹಿಡಿಯುತ್ತದೆ. ನಡುವೆ ಹಿತ್ತಾಳೆಯ ಜೋಡಣೆ ಹಾಕಿಸಿ.

ಎಷ್ಟು ನೀರು ಕಾಯುತ್ತದೆ? 50 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು 6.3 ಮೆಗಾಜೂಲ್ ಶಾಖ ಬೇಕು. ಒಣ ಸೌದೆ ಕಿಲೋಗೆ ಸುಮಾರು 16 ಕೊಡುತ್ತದೆ. ಎರಡು ಕಿಲೋ ಉರಿಸಿ, ಅದರ ಐದನೇ ಒಂದು ಪಾಲನ್ನು ಸುರುಳಿ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಬರೀ ಉಪ್ಪಿಟ್ಟು ಮಾಡಿ ಮನೆಮಂದಿಗೆಲ್ಲ ಬಿಸಿನೀರು ಬೇಕೆಂದರೆ ಆಗದು.

ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಸುರುಳಿ ಹೊಂದದು, ಒಳಗೆ ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಕೋಡೊಲೆಯ (ಮುಖ್ಯ ಒಲೆಗೆ ಹೊಂದಿಕೊಂಡ ಪಕ್ಕದ ಒಲೆಯ) ಮೇಲೆ ಹಂಡೆ ಕೂರಿಸುವುದೇ ಲೇಸು. ಕೈ ಹಾಕಿ ಉಜ್ಜಬಹುದು.

– ಒಬ್ಬ ಓದುಗ, ತೀರ್ಥಹಳ್ಳಿ