ಬ್ರಿಸ್ಟಲ್‌ನಿಂದ ಅಪ್ಪನಿಗೆ

ಪ್ರೀತಿಯ ಅಪ್ಪನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಕ್ಷೇಮ. ಅಮ್ಮನಿಗೂ ಮಾಲೂರಿನ ಅತ್ತೆಗೂ ವಂದನೆ ತಿಳಿಸಿ.

ನಿಮ್ಮ ಪತ್ರ ಮಂಗಳವಾರ ಕೈಸೇರಿತು. ಎರಡು ಪುಟ ನನ್ನ ಆತ್ಮದ ಬಗ್ಗೆ, ಕೊನೆಯ ನಾಲ್ಕು ಸಾಲು ಬಾಬುವಿನ ಬಗ್ಗೆ. ಅಮ್ಮನ ಎರಡೆಳೆ ಸರ ಗಿರವಿಗೆ ಹೋಗಿದೆ ಎಂಬುದನ್ನು ರುಜುವಿನ ಪಕ್ಕದಲ್ಲಿ ಇರುಕಿಸಿ ಬರೆದರೆ ನನ್ನ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿರಾ?

ಇಂಗ್ಲೆಂಡಿನ ಚರ್ಚುಗಳು ಖಾಲಿ ಎಂದು ಅಯ್ಯನವರು ಪ್ರಸಂಗದಲ್ಲಿ ಹೇಳಿದ್ದು ಸುಳ್ಳಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಕ್ರೈಸ್ತರೆಂದು ಬರೆಸಿದವರು ನೂರಕ್ಕೆ 46 ಮಂದಿ. 2011ರಲ್ಲಿ 59 ಇದ್ದರು. ಇಲ್ಲಿನ ಸೇಂಟ್ ವರ್ಬರ್ಗ್ಸ್ ಎಂಬ ಹಳೆಯ ಚರ್ಚಿನೊಳಗೆ ಈಗ ಗೋಡೆ ಹತ್ತುವ ಆಟ ನಡೆಯುತ್ತದೆ. ಜನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೇತಾಡುತ್ತಾರೆ. ಅಳು ಬರಬೇಕಿತ್ತು, ನಗು ಬಂತು. ಅಂತರಗಂಗೆಯ ಬಂಡೆಗಳನ್ನು ಪುಕ್ಕಟೆ ಹತ್ತಿದವಳು ನಾನು. ಇವರು ದುಡ್ಡು ಕೊಟ್ಟು ಹತ್ತುತ್ತಾರೆ!

ಆದರೆ ಅಪ್ಪ, ಈ ಕೆಟ್ಟ ದೇಶದಲ್ಲಿರುವ ನಾನು ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಲಾದರೂ ಆರಾಧನೆಗೆ ಹೋಗುತ್ತೇನೆ. ಚರ್ಚಿನ ಕ್ವಯರ್‌ನಲ್ಲಿ ಹಾಡುತ್ತಿದ್ದ ನನ್ನ ತಮ್ಮ ಬಾಬು ಕೋಲಾರದಲ್ಲಿ, ನಿಮ್ಮ ಮಹಡಿಯ ಕೋಣೆಯಲ್ಲೇ ಕುಳಿತು ಮೊಬೈಲಿನಲ್ಲಿ 2 ಲಕ್ಷ 40 ಸಾವಿರ ಕಳೆದಿದ್ದಾನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲೇ ಅಂಗೀಕಾರವಾಗಿದೆ. ಆದರೂ ಇವನಿಗೆ ಯಾವುದೋ ಗುಂಪಿನಿಂದ ಲಿಂಕ್ ಬರುತ್ತದೆಯಂತೆ.

ಅದಕ್ಕೆ ನಮ್ಮ ಚರ್ಚಿನ ಸಭೆ ಮಾಡಿದ್ದೇನು? ಕ್ವಯರ್‌ನಿಂದ ತೆಗೆದದ್ದು, ಮೂರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ನಿಲ್ಲಿಸಿದ್ದು. ಆ ಕಾಗದಕ್ಕೆ ನೀವೂ ರುಜು ಹಾಕಿದ್ದೀರಿ.

ಶನಿವಾರ ರಜೆಯಿತ್ತು. ಮೆಥೋಡಿಸ್ಟ್ ಪಂಗಡ ಹುಟ್ಟುಹಾಕಿದ ಜಾನ್ ವೆಸ್ಲಿ 1739ರಲ್ಲಿ ಕಟ್ಟಿಸಿದ ನ್ಯೂ ರೂಮ್ ಎಂಬ ಪ್ರಾರ್ಥನಾಲಯಕ್ಕೆ ಹೋಗಿ ಕುಳಿತೆ. ಸುತ್ತಲೂ ಬಟ್ಟೆ, ಚಪ್ಪಲಿ ಅಂಗಡಿಗಳು; ಒಳಗೆ ಬರೀ ಮರದ ಬೆಂಚು, ಮೌನ. ಆ ಆಲಯದ ಸಾಲ ತೀರದೆ 1742ರ ಫೆಬ್ರವರಿ 15ರಂದು ಸದಸ್ಯರು ಸೇರಿದಾಗ, ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರಂತೆ. ಸುಮಾರು ಹನ್ನೆರಡು ಜನಕ್ಕೊಬ್ಬ ಮುಖಂಡ. ಮನೆಮನೆಗೆ ಹೋಗಿ ವಸೂಲಿ ಮಾಡುವುದು ಅವನ ಕೆಲಸ. ಕಾಸಿಗೆ ಹೋದವರಿಗೆ ಯಾರು ಹೇಗೆ ಬದುಕುತ್ತಿದ್ದಾರೆ ಎಂಬುದು ಕಂಡುಬಿಟ್ಟಿತು. ಕ್ಲಾಸ್ ಮೀಟಿಂಗ್ ಎಂಬ ಸಣ್ಣ ಗುಂಪಿನ ಕೂಟ ಹುಟ್ಟಿದ್ದು ಹಾಗೆ, ಸಭೆಯೇ ಸಾಲದಲ್ಲಿದ್ದಾಗ! ತಿದ್ದಿಕೊಳ್ಳದವರನ್ನು ವೆಸ್ಲಿ ಹೊರಗೂ ಹಾಕಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲು ಮನೆಯ ಬಾಗಿಲು ತಟ್ಟಿದ್ದರು. ನಮ್ಮ ಕಮಿಟಿಯವರಲ್ಲಿ ಒಬ್ಬರಾದರೂ ಬಾಬುವಿನ ಕೋಣೆಯ ಮೆಟ್ಟಿಲು ಹತ್ತಿದ್ದಾರೆಯೇ?

ನಾನೇನು ದೊಡ್ಡವಳಲ್ಲ. ಹೋದ ದುಡ್ಡಿನಲ್ಲಿ ನಾನು ಕಳುಹಿಸಿದ್ದೂ ಇದೆ. ಅವನು "ಅಕ್ಕಾ" ಎಂದೊಡನೆ ಫೋನ್ ಇಟ್ಟುಬಿಟ್ಟೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ದುಂದುಗಾರ ತಮ್ಮನನ್ನು ಅಪ್ಪ ಸೇರಿಸಿಕೊಂಡದ್ದಕ್ಕೆ ಕೋಪ ಮಾಡಿಕೊಂಡು ಹೊರಗೇ ನಿಂತ ಹಿರಿಯ ಮಗ ಆಮೇಲೆ ನೆನಪಾದ. ಭಾನುವಾರ ನಾನೇ ಕರೆ ಮಾಡುತ್ತೇನೆ.

ಈ ತಿಂಗಳು 60 ಸಾವಿರ ನಿಮ್ಮ ಖಾತೆಗೆ ಹಾಕುತ್ತೇನೆ. ಮೊದಲು ಸರ ಬಿಡಿಸಿ. ಹಣ ಅವನ ಕೈಗೆ ಕೊಡಬೇಡಿ. ಸಾಲ ಕೇಳಲು ಬರುವವರೊಂದಿಗೆ ನೀವೊಬ್ಬರೇ ಮಾತನಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ಬೆಳಗಿನ ಬಸ್ಸಿಗೆ ಕರೆದುಕೊಂಡು ಹೋಗಿ. ಹುಚ್ಚರ ಆಸ್ಪತ್ರೆ ಎಂದು ದೊಡ್ಡಮ್ಮ ಅಂದರೆ ಅನ್ನಲಿ.

ನನ್ನ ಚಿಂತೆ ಬೇಡ. ಕೆಮ್ಮು ಹೋಗಿದೆ, ಪೂರ್ತಿ ಹೋಗಿದೆ. ಮೂರು ಹೊತ್ತು ಉಣ್ಣುತ್ತೇನೆ, ರಾಗಿ ಹಿಟ್ಟು ಇನ್ನೂ ಅರ್ಧ ಡಬ್ಬಿ ಇದೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ವೈನ್ ಮುಟ್ಟಿಲ್ಲ. ಮದುವೆಯ ಮಾತು ಆಮೇಲೆ.

ಪಾಳಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ಅಮ್ಮನಿಗೆ ಸಕ್ಕರೆ ಪರೀಕ್ಷೆ ಮಾಡಿಸಿ.

ನಿಮ್ಮ ಮಗಳು

ಮರೆತೆ: ಬಾಬುವಿನ ಹಾರ್ಮೋನಿಯಂ ಮಾತ್ರ ಯಾರು ಕೇಳಿದರೂ ಮಾರಬೇಡಿ.